ಬಾಡಿಗೆ ಚಂದ್ರಿಕೆ

ಹೊಸ ಯಂತ್ರಕ್ಕೆ ಆರ್ಡರ್ ಹಾಕುವ ಪುಟದಲ್ಲಿ
ಕೊನೆಯ ಪ್ರಶ್ನೆ: ಒಳಗೆ ಎಷ್ಟು ಜಾಗ ಬೇಕು?
ಒಂದು ಟೀಬಿ ಅಂದರೆ ಬೆಲೆ ಸುಮ್ಮನಿರುತ್ತದೆ.
ಎಂಟು ಒತ್ತಿದೆ, ನೋಡೋಣ ಅಂತ.
ಎರಡು ಲಕ್ಷ ಮೇಲಕ್ಕೆ ಹಾರಿ ಕೂತಿತು
ತಾರಸಿಯ ಕೋತಿ ಹಾಗೆ, ಗದರಿದರೂ ಇಳಿಯದು.
ಕೆಳಗೆ ಸಣ್ಣಕ್ಷರ:
ಈಗಲೇ ಹೇಳಿಬಿಡಿ, ಆಮೇಲೆ ಸೇರಿಸಲಾಗದು.

ಶಿಡ್ಲಘಟ್ಟದಲ್ಲಿ ಇಂಥ ಮಾತು ನಾನು ಕೇಳಿದ್ದಿಲ್ಲ.
ನಮ್ಮಮ್ಮ ಹುಳು ಸಾಕಿದ್ದು ಇಪ್ಪತ್ತಾರು ವರ್ಷ,
ಒಂದೇ ಒಂದು ಚಂದ್ರಿಕೆ ಕೊಂಡವಳಲ್ಲ.
ನಾಲ್ಕನೇ ಜ್ವರ ಎದ್ದು, ಸೊಪ್ಪು ಮುಕ್ಕಿ ಮುಕ್ಕಿ
ಹುಳು ಹಣ್ಣಾಗಿ ತಲೆಯೆತ್ತಿ ಆಡಿಸುವ ದಿನ
ಪಿಳ್ಳಪ್ಪನ ಗಾಡಿಯಲ್ಲಿ ಬರುತ್ತಿದ್ದವು, ಬಾಡಿಗೆಗೆ, ನಲವತ್ತು.
ಗೂಡು ಬಿಡಿಸಿದ ಮಾರನೇ ದಿನ
ಇನ್ನೊಬ್ಬರ ಮನೆಗೆ.
ಬೆಳೆಗೆ ಐದು ದಿನದ ಕೆಲಸ; ಮಿಕ್ಕ ದಿನ
ಆ ಬಿದಿರನ್ನು ಎಲ್ಲಿಡಲಿ,
ನಿಮ್ಮಪ್ಪನ ತಲೆ ಮೇಲಾ? ಅನ್ನುತ್ತಿದ್ದಳು.

ತಬ್ರೇಜ್ ಕ್ಯಾಮೆರಾ ಹಿಡಿಯುತ್ತಾನೆ, ನಾನು ಕತ್ತರಿಸಿ ಕೂಡಿಸುತ್ತೇನೆ.
ರೀಲರ್ ಮನೆಯ ಹುಡುಗ, ಅವನ ಲೆಕ್ಕವೇ ಬೇರೆ:
"ಸುಗುಣಕ್ಕಾ, ಕುದಿಯೋ ಬಾನಿ ಒಂದು ಬೀದೀಲಿ
ನೂಲು ಸುತ್ತೋ ರಾಟೆ ಇನ್ನೊಂದು ಬೀದೀಲಿ ಇಟ್ರೆ
ಎಳೆ ಹರಿಯಲ್ವಾ?"
ಹರಿದಿದೆ. ಒಪ್ಪುತ್ತೇನೆ.
ಚಿಂತಾಮಣಿಯ ಆ ಮದುವೆ, ಮೂರು ಕ್ಯಾಮೆರಾ, ಒಂದು ಡ್ರೋನು,
ಎಲ್ಲ ಹೊರಗಿನ ಡಬ್ಬಿಯಲ್ಲಿತ್ತು.
ರಾತ್ರಿ ಎರಡಕ್ಕೆ, ತೊಂಬತ್ತೊಂದು ಪರ್ಸೆಂಟಿನಲ್ಲಿ,
ಅವನದೇ ಮೊಣಕೈ ತಾಗಿ ಕೇಬಲ್ ಅಲುಗಿತು.
ಧಾರೆಯ ನೀರು ಅಂಗೈಗೆ ಬೀಳದೆ
ನಿಂತೇಬಿಟ್ಟಿತು ನಡುವೆ, ಗಾಜಿನ ಕಡ್ಡಿಯ ಹಾಗೆ.
ಮತ್ತೆ ಮೊದಲಿಂದ, ಹಾಲಿನವನು ಬರುವ ತನಕ.
ಕೇಬಲ್ಲಿಗೆ ಈಗ ಬಟ್ಟೆಯ ಕ್ಲಿಪ್ಪು ಹಾಕಿದ್ದೇನೆ.

ಆದರೆ ಹಳೇ ಯಂತ್ರ.
ಹೋದ ಏಪ್ರಿಲ್, ಕರೆಂಟು ಹೋಗಿ ಬಂದು, ಹೋಗಿ ಬಂದು,
ಬೋರ್ಡು ಸುಟ್ಟಿತು. ಅದರ ವಾಸನೆ
ಕೆಳಗಿನ ಫಿಲೇಚರಿನ ಪ್ಯೂಪಾ ವಾಸನೆಯಲ್ಲಿ
ಯಾರಿಗೂ ತಿಳಿಯದೆ ಬೆರೆಯಿತು.
ರಿಪೇರಿಯವನು ಬೆನ್ನು ಬಿಚ್ಚಿ ತೋರಿಸಿದ:
ಇದೂ ಅದಕ್ಕೇ ಬೆಸುಗೆ, ಮೇಡಂ, ಕಿತ್ತರೆ ಬರಲ್ಲ.
ಕಾಪಿ ಮಾಡದೆ ಒಳಗೇ ಬಿಟ್ಟಿದ್ದ ಒಂದು ನಾಮಕರಣ
ಹೆಸರಿಡುವ ಮೊದಲೇ ಹೋಯಿತು.
ಆ ಮಗು ಈಗ ನಡೆಯುತ್ತದೆ. ಅದರ ತಾತ ಎದುರು ಬಂದರೆ
ನಾನು ಔಷಧಿ ಅಂಗಡಿಗೆ ನುಗ್ಗುತ್ತೇನೆ.

ಅದೇ ವಾರ ಬಂದರು ಕೈವಾರದ ಪಾಪಮ್ಮ.
ಮಗಳ ಆರತಕ್ಷತೆ, ಏಳು ವರ್ಷದ ಕೆಳಗಿನದು.
ಯಜಮಾನರು ಮೈಕು ಕಸಿದು ಎರಡು ಮಾತಾಡಿದ್ದರಂತೆ.
"ಇದ್ಯೇನಮ್ಮಾ ಆ ಎರಡು ಮಾತು?"
ಬಿಸ್ಕತ್ತಿನ ತಗಡು ಡಬ್ಬಿ ಸುರುವಿದೆ.
ಮೂಲೆ ಸವೆದು, ತಿರುಗುವಾಗ ನರಳುವ ಡ್ರೈವು,
ಅಂದಿಗೆ ನಾಲ್ಕು ಸಾವಿರದ್ದು.
ನಿಧಾನ. ಪಾಪಮ್ಮ ಎರಡು ಲೋಟ ಕಾಫಿ ಕುಡಿದರು.
ಕೊನೆಗೆ ಬಂದರು ಅವರು, ಮೈಕಿಗೆ ಫೂ ಫೂ ಊದಿ
"ಎಲ್ರೂ ಊಟ ಮಾಡ್ಕೊಂಡೇ ಹೋಗ್ಬೇಕು" ಎಂದರು.
ಅಷ್ಟೇ.
ಇನ್ನೊಂದ್ಸಲ ಹಾಕು ಅಂದರು ಪಾಪಮ್ಮ. ಇನ್ನೊಂದ್ಸಲ.

ಎಂಟನ್ನು ಬಿಟ್ಟು ಎರಡು ಒತ್ತಿದೆ.
ಕೈಯಲ್ಲಿರುವ ಒಂದು ಮದುವೆ ಗೂಡು ಕಟ್ಟುವಷ್ಟು ಹೊತ್ತು
ಅಷ್ಟು ವೇಗ ಒಳಗಿರಲಿ.
ಉಳಿದ ದುಡ್ಡಿಗೆ ಒಳ್ಳೆ ಯುಪಿಎಸ್ಸು,
ಪ್ರತಿಯೊಂದಕ್ಕೂ ಎರಡೆರಡು ಡ್ರೈವು,
ಒಂದು ಇಲ್ಲಿ, ಒಂದು ಅಮ್ಮನ ಅಟ್ಟದಲ್ಲಿ.
ತಬ್ರೇಜ್ ಮುಖ ಊದಿಸಿಕೊಂಡ. ಅವನದು ತಪ್ಪೆಂದು
ಇವತ್ತಿಗೂ ಎದೆ ತಟ್ಟಿ ಹೇಳಲಾರೆ.

ಅಟ್ಟ ಕೇಳಲು ಹೋದಾಗ ಅಮ್ಮ ಸೊಪ್ಪು ಬಿಡಿಸುತ್ತಿದ್ದಳು.
ಟೀಬಿ ಅಂದರೆ ಅವಳಿಗೆ ಇನ್ನೂ ಕೆಮ್ಮು.
"ಬಾಡಿಗೆಗೆ ಕೊಡೋರು ಯಾರೂ ಇಲ್ವೇನೆ ಅದನ್ನ?"
ಇದಾರಮ್ಮಾ, ತಿಂಗಳಿಗಿಷ್ಟು ಅಂತ,
ಕ್ಲೌಡು ಅಂತಾರೆ, ಮೋಡ, ಅಲ್ಲಿಡ್ತಾರೆ.
ಅವಳು ಸೀರೆಗೆ ಕೈ ಒರೆಸಿ, ಹೊರಗೆ ಬಂದು,
ಹಣೆಗೆ ಅಂಗೈ ಹಿಡಿದು ಮೇಲೆ ನೋಡಿದಳು.
"ನಮ್ಮ ಸೀಮೆ ಮೋಡಾನಾ?" ಎಂದಳು.
"ಅಟ್ಟದಲ್ಲೇ ಇಡು."