ಆರಿಸಿ ಉಳಿದದ್ದು

ನಮ್ಮ ಗೋದಾಮಿಗೆ ಬೆಳಕು
ತಗಡಿನ ತೂತುಗಳಿಂದ ಬರುತ್ತದೆ.
ನಲವತ್ತು ಹೆಂಗಸರು, ಉದ್ದನೆಯ ಹಲಗೆ,
ಹಲಗೆಯ ಮೇಲೆ ಹಸಿರು ಬೀಜದ ಗುಡ್ಡ.
ಎಡಗೈ ಹರವುತ್ತದೆ, ಬಲಗೈ ಹೆಕ್ಕುತ್ತದೆ,
ಬಾಯಿ ಅದರ ಪಾಡಿಗೆ ಅದು
ಯಾರ ಸೊಸೆ ಹೆತ್ತಳು, ಯಾರ ಬಾಡಿಗೆ ಏರಿತು.

ಹುಳುಕು ಈ ಕಡೆ. ಒಡಕು ಈ ಕಡೆ.
ಕಪ್ಪಿಟ್ಟದ್ದು, ಹುಳಿತು ನಾರಿದ್ದು, ಕಿವಿಯಂತೆ ಮಡಚಿದ್ದು
ಎಲ್ಲ ಈ ಕಡೆ, ನನ್ನ ಮಡಿಲಿನತ್ತ.
ಚೆನ್ನಾದದ್ದು ಆ ಕಡೆ,
ಜಿಬೂತಿಯ ಹಡಗಿನತ್ತ.

ಹನ್ನೊಂದು ವರ್ಷ.
ಚೆನ್ನಾದದ್ದರ ರುಚಿ ಹೇಗೆ ಅಂತ
ನನ್ನನ್ನು ಕೇಳಬೇಡಿ.

ಹೋದ ಮಂಗಳವಾರ ಕೊಳ್ಳುವವನೊಬ್ಬ ಬಂದಿದ್ದ,
ಹೊಸ ಬೂಟು, ಕೊರಳಿಗೆ ಕ್ಯಾಮೆರಾ.
ದುಭಾಷಿ ಹುಡುಗನಿಂದ ಕೇಳಿಸಿದ:
ಕಾಫಿ ಮೊದಲು ಎಲ್ಲಿಂದ ಬಂತು, ನಿಮ್ಮವರು ಏನೆನ್ನುತ್ತಾರೆ?
ಆಡು ಕುಣಿದ ಕಥೆ ಅವನಿಗೇ ಗೊತ್ತಿತ್ತು.
ನಮಗೇ ಹೇಳಿದ,
ತಲೆಗೆ ಎರಡು ಬೆರಳಿಟ್ಟು ಕೊಂಬು ಮಾಡಿ ಕುಣಿದೂ ತೋರಿಸಿದ.
ನಕ್ಕೆವು. ಪಾಪ, ಅಷ್ಟು ದೂರದಿಂದ ಬಂದಿದ್ದ.

ಅಗಾರೊದ ನಮ್ಮಜ್ಜಿ ಅಯ್ಯಾಂತು ಹೇಳಿದ್ದನ್ನು
ನಾನು ಹೇಳಲಿಲ್ಲ:
ಯಾರನ್ನೋ ಕಳೆದುಕೊಂಡು ವಾಖ ಅತ್ತ.
ಆಕಾಶದಷ್ಟು ದೊಡ್ಡವನು, ಅವನಿಗೂ ಅಳು.
ಕಣ್ಣೀರು ಬಿದ್ದಲ್ಲಿ ಈ ಗಿಡ ಎದ್ದಿತು.
"ಅದಕ್ಕೇ ಉಪ್ಪು ಹಾಕಿ ಕುಡಿಯೋದು, ತಿಳೀತೇನೆ?"
ಉಪ್ಪಿನ ಮಾತು ಅಜ್ಜಿ ತಾನೇ ಸೇರಿಸಿದ್ದಿರಬೇಕು.
ಸಕ್ಕರೆಗೆ ಅವಳ ಸೆರಗಿನಲ್ಲಿ ದುಡ್ಡಿರಲಿಲ್ಲ.

ಸಂಜೆ ಗೇಟಿನ ಹೊರಗೆ
ಬೆಳಿಗ್ಗೆ ನಾನೇ ಬೇಡವೆಂದು ತೆಗೆದದ್ದನ್ನು
ಡಬ್ಬಿ ಲೆಕ್ಕದಲ್ಲಿ ಕೊಳ್ಳುತ್ತೇನೆ.

ಕಾಲಿಟಿಯ ಓಣಿಯಲ್ಲಿ ನನ್ನದೊಂದು ಕೋಣೆ,
ಗೋಡೆಯಾಚೆ ಅಲ್ಗನೇಶ್, ಉತ್ತರದವಳು.
ಅವಳ ತಮ್ಮ, ನನ್ನ ತಮ್ಮ
ಒಂದೇ ಯುದ್ಧಕ್ಕೆ ಹೋದರು.
ಒಬ್ಬ ಈ ಕಡೆ. ಒಬ್ಬ ಆ ಕಡೆ.
ಆಮೇಲೆ ನಲ್ಲಿಯ ಹತ್ತಿರವೂ
ನಮ್ಮ ಕೊಡಗಳಷ್ಟೇ ಒಂದಕ್ಕೊಂದು ತಾಗಿದ್ದು.

ಎರಡು ವರ್ಷ ಬಾಗಿಲು ಮುಚ್ಚಿ ಹುರಿದೆ.
ತಗಡಿನ ಗೋಡೆ, ಕೆಮ್ಮಿದರೂ ಹಾಯುತ್ತದೆ,
ಘಮವನ್ನು ಹಿಡಿದಿಡುವುದುಂಟೆ?
ಒಬ್ಬಳೇ ಕುಡಿದರೆ ಅದು ಕಾಫಿಯಲ್ಲ, ಔಷಧಿ
ಎನ್ನುತ್ತಿದ್ದಳು ಅಜ್ಜಿ.
ಔಷಧಿ ಕುಡಿದೆ.
ಗುಣವಾಗಲಿಲ್ಲ.

ಮಳೆ ಮುಗಿದು ಬೇಲಿಗೆಲ್ಲ ಹಳದಿ ಹೂವು ಬಂದ ದಿನ
ಅದೇನಾಯಿತೋ, ಬಾಣಲೆ ಇನ್ನೂ ಹೊಗೆಯಾಡುತ್ತಿರುವಾಗಲೇ
ಎತ್ತಿಕೊಂಡು ಹೋಗಿ ಅವಳ ಹೊಸ್ತಿಲಲ್ಲಿ ನಿಂತೆ.
ಕದ ತಟ್ಟಲು ಕೈ ಬಿಡುವಿರಲಿಲ್ಲ.
ಅವಳೇ ತೆರೆದಳು.
ನನ್ನ ಮುಖ ನೋಡಲಿಲ್ಲ, ಬಾಣಲೆ ನೋಡಿದಳು,
ಎರಡೂ ಅಂಗೈಯಲ್ಲಿ ಹೊಗೆ ಬಾಚಿ
ಮುಖಕ್ಕೆಳೆದುಕೊಂಡಳು.

ನೆಲಕ್ಕೆ ಹಸಿಹುಲ್ಲು ಹರಡಿದೆ. ಕೆಂಡಕ್ಕೆ ಲೋಬಾನ.
ಜೆಬೆನಾ ಕತ್ತು ಉದ್ದ ಮಾಡಿ ಕುದಿಯಿತು.
ಮೊದಲ ಸುತ್ತು, ಅಬೋಲ್. ಗಟ್ಟಿ. ಮಾತಿಲ್ಲ.
ಅವಳು ಸಕ್ಕರೆ ಹುಡುಕಿದಳು, ನಾನು ಉಪ್ಪು ಸರಿಸಿದೆ,
ಹಾಕಿಕೊಂಡಳು, ಮೂತಿ ಸಿಂಡರಿಸಿದಳು, ಕುಡಿದಳು.
ಎರಡನೆಯದು ತೋನಾ. ಈರುಳ್ಳಿಯ ಬೆಲೆ ಎಷ್ಟಾಗಿದೆ, ಅಂದಳು.
ಹೌದು ಮಾರಾಯ್ತಿ, ಅಂದೆ.

ನಡುವೆ ಇನ್ನೊಂದು ಹಿಡಿ ಹುರಿಯಲಿಟ್ಟಿದ್ದೆ.
ಕೈ ಸುಮ್ಮನಿರದೆ
ಒಂದು ಕರಿಕಾಳನ್ನು ಹೆಕ್ಕಲು ಹೋಯಿತು.
"ಬಿಡೇ ಬೊಂತು," ಅಂದಳು, ಮಣಿಕಟ್ಟು ಹಿಡಿದು,
"ಬಾಣಲೆಗೆ ಬಿದ್ದ ಮೇಲೆ
ಯಾವುದು ಕಪ್ಪು, ಯಾವುದು ಅಲ್ಲ."
ಹಿಡಿದ ಕೈಯನ್ನು ಸ್ವಲ್ಪ ಹೊತ್ತು
ಬಿಡಲೇ ಇಲ್ಲ.

ಮೂರನೆಯ ಸುತ್ತಿಗೆ ಬರಕಾ ಎಂದು ಹೆಸರು, ಆಶೀರ್ವಾದ.
ಆದರೆ ಅಷ್ಟರಲ್ಲಿ ಚರಟದ ಸತ್ವವೆಲ್ಲ ಹೋಗಿ
ಬರೀ ಕಂದು ನೀರು.
ಅದಕ್ಕೇ ಕಾಯುತ್ತ ಕೂತಿದ್ದೆವು,
ದೀಪ ಹಚ್ಚುವುದನ್ನೂ ಮರೆತು,
ಇಬ್ಬರು ಅಕ್ಕಂದಿರು.