ಮೂವತ್ತಾರು ಗೇಜ್

ಮಾತು ಬೇಡ, ಎಣಿಸು, ಅಂದರು ಹಿಲ್ಡಾ ಬಾಯಿ.
ಜೆಪ್ಪುವಿನ ಹಂಚಿನ ಮಾಡಿನ ಕೆಳಗೆ ಆರು ಮಂದಿ ನಾವು,
ಮುಂದೆ ಹೊಟ್ಟೆ ಬಿಚ್ಚಿದ ಆರು ಫ್ಯಾನು,
ಕೂದಲೆಳೆಯಂಥ ತಾಮ್ರದ ತಂತಿ.
ಒಂದು ಕಾಯಿಲಿಗೆ ಮುನ್ನೂರ ಎಂಬತ್ತು ಸುತ್ತು.
ಲೆಕ್ಕ ತಪ್ಪಿದರೆ ಮೊದಲು ಗೊಣಗುತ್ತದೆ,
ಆಮೇಲೆ ಸುಡುತ್ತದೆ.

ಎಣಿಸಲು ನನಗೆ ಯಾರೂ ಕಲಿಸಬೇಕಾಗಿಲ್ಲ.
ಹತ್ತನೇ ವಯಸ್ಸಿನಿಂದ ಬೀಡಿ ಕಟ್ಟಿದವಳು,
ಇಪ್ಪತ್ತೈದರ ಕಟ್ಟು, ನಲವತ್ತು ಕಟ್ಟಿಗೆ ಸಾವಿರ.
ರಾತ್ರಿ ಎಣಿಸಿದ್ದು ಬೇರೆ:
ಬಸ್ ಸ್ಟಾಪಿನಿಂದ ನಮ್ಮ ಬಾಗಿಲಿಗೆ
ಅವನ ಹೆಜ್ಜೆ ಅರವತ್ತೊಂದು.
ಐವತ್ತಾಗುವಾಗ ಮಗಳನ್ನು ಒಳಗೆ ತಳ್ಳಿ ಚಿಲಕ ಹಾಕಬೇಕು.

ಶನಿವಾರ ಬ್ರಾಂಚಿಗೆ ಬೀಡಿ ಹೊರುವುದು ನಾನು,
ಮಜೂರಿ ಎಣಿಸಿಕೊಳ್ಳುವುದು ಅವನು.
ಪಾಸ್‌ಬುಕ್ಕಿನಲ್ಲಿ ಹೆಸರು ಮಾತ್ರ ನನ್ನದು, ವಾರಿಜ,
ಕೆಂಪು ಶಾಯಿಯಲ್ಲಿ, ಹದಿನಾಲ್ಕು ವರ್ಷ.
ನಾನೇ ಕಟ್ಟಿದ ಬೀಡಿ
ನನ್ನದೇ ಮೊಣಕೈ ಮೇಲೆ ಆರಿತು, ಮೂರು ಸಲ.
ಎಲೆ ಒಳ್ಳೆಯದಿತ್ತು. ಬೇಗ ನಂದಲಿಲ್ಲ.

ಹೊರಟದ್ದು ಐದೂಮುಕ್ಕಾಲರ ಬಸ್ಸಿಗೆ.
ರೈಟ್ ಪೋಯಿ ಅಂದ ಕಂಡಕ್ಟರು.
ಎಲ್ಲಿಗೆ ಅಂತ ಕೇಳಿದರೆ ಹೇಳಲು ಊರಿರಲಿಲ್ಲ,
ಕೊನೆಯ ಸ್ಟಾಪು, ಒಂದೂವರೆ ಟಿಕೇಟು, ಅಂದೆ.

ಇಲ್ಲಿ ಅದನ್ನೆಲ್ಲ ಯಾರೂ ಕೇಳಲಿಲ್ಲ.
ಪಕ್ಕದ ಮಿಸ್ರಿಯಾ ನನ್ನ ಮೊಣಕೈ ನೋಡಿದಳು,
ತನ್ನ ತೋಳಿನ ಬಟ್ಟೆ ಸ್ವಲ್ಪ ಸರಿಸಿ ತೋರಿಸಿದಳು,
ಮತ್ತೆ ಇಕ್ಕಳ ಕೊಟ್ಟಳು.

ಮೊದಲ ತಿಂಗಳು ಬಿಚ್ಚುವುದೇ ಕೆಲಸ.
ಸುಟ್ಟ ಕಾಯಿಲನ್ನು ಉಳಿಯಿಂದ ಕಡಿದು ಎಳೆಯಬೇಕು.
ಆ ವಾಸನೆಗೆ ಹೊರಗೆ ಓಡಿ ವಾಂತಿ ಮಾಡಿದೆ,
ಪೇರಳೆ ಮರದ ಬುಡದಲ್ಲಿ.
ಹಿಲ್ಡಾ ಬಾಯಿ ನೀರು ತಂದರು, ಸಮಾಧಾನ ತರಲಿಲ್ಲ.
ಬಾ, ಬೇರಿಂಗ್ ಬಾಕಿ ಉಂಟು.

ಸೀರೀಸ್ ಬಲ್ಬು ಇಟ್ಟು ನೋಡುವುದು ನನಗೆ ಇಷ್ಟ.
ಒಂದು ತುದಿ ತಂತಿಗೆ, ಇನ್ನೊಂದು ಕಬ್ಬಿಣದ ಮೈಗೆ.
ಬಲ್ಬು ಉರಿದರೆ ಒಳಗಿನದು ಸೋರುತ್ತಿದೆ ಅಂತ,
ಮುಟ್ಟಿದವರಿಗೆ ಹೊಡೆಯುತ್ತದೆ ಅಂತ.
ಇಷ್ಟು ಸುಲಭದ ಪರೀಕ್ಷೆಯನ್ನು
ನನ್ನ ಜಾತಕ ನೋಡಿದ ಜೋಯಿಸರು ಯಾಕೆ ಮಾಡಲಿಲ್ಲವೋ.

ಏಪ್ರಿಲಿನಲ್ಲಿ ಕಂಕನಾಡಿಯ ಅಂಗಡಿಗೆ ಸೇರಿದೆ.
ಮೊದಲ ವಾರವೇ ಬಂತು ಒಂದು ಕಂದು ಫ್ಯಾನು,
ಅದೇ ಕಂಪೆನಿ, ಅದೇ ಮೂರು ಚಿನ್ನದ ಗೆರೆ.
ಕೈ ನಿಂತಿತು.
ಎಷ್ಟು ರಾತ್ರಿ ಅದರ ಕೆಳಗೆ ಅಲ್ಲಾಡದೆ ಮಲಗಿ
ಜಜ್ಜಿದ ರೆಕ್ಕೆ ಸುತ್ತು ಬರುವುದನ್ನೇ ನೋಡಿದ್ದೇನೆ.
ಒಂದೊಂದೇ ರೆಕ್ಕೆ ತಡವಿದೆ. ಜಜ್ಜಿಲ್ಲ.
ಅದಲ್ಲ.
ಹಗುರಾಯಿತೋ, ನಿರಾಸೆಯಾಯಿತೋ,
ಈಗಲೂ ಗೊತ್ತಿಲ್ಲ.
ಕಟ್ಟಿ ಕೊಟ್ಟೆ. ಆರುನೂರ ಐವತ್ತು.
ಸ್ವಲ್ಪ ಕಡಿಮೆ ಮಾಡಿ ಅಕ್ಕ, ಅಂದ, ಯಾರೋ ಪಾಪದವನು.
ಮಾಡಲಿಲ್ಲ.

ಸೊಸೈಟಿಯಲ್ಲಿ ಈಗ ಹೊಸ ಪಾಸ್‌ಬುಕ್ಕು.
ಅಂಚು ಮಡಚದ ಹಾಗೆ
ಮಗಳ ಸಮಾಜ ಪುಸ್ತಕದೊಳಗೆ ಇಟ್ಟಿದ್ದೇನೆ,
ನದಿಗಳ ಪಾಠದ ಹತ್ತಿರ.

ಮನೆ ಅಂದರೆ ಬೋಳಾರದಲ್ಲಿ ಒಂದು ಕೋಣೆ.
ಅದಕ್ಕೆ ಇನ್ನೂ ಫ್ಯಾನಿಲ್ಲ. ನಗು ಬರುತ್ತದೆ.
ಮಧ್ಯರಾತ್ರಿ ಬೆವರಿ ಎದ್ದ ಮಗಳು ಕೇಳುತ್ತಾಳೆ:
ಊರಿನವರದ್ದೆಲ್ಲ ಕಟ್ಟಿ ಕೊಡ್ತಿ, ನಮ್ಮದು ಯಾವಾಗ?
ರಟ್ಟಿನ ತುಂಡಿನಿಂದ ಬೀಸುತ್ತಾ ಮೇಲೆ ನೋಡುತ್ತೇನೆ.

ಹಿಂದಿನ ಬಾಡಿಗೆಯವರು ಬಿಟ್ಟುಹೋದ ಕೊಕ್ಕೆ ಒಂದುಂಟು.
ಒಂದು ಕಾಲದಲ್ಲಿ ಕೊಕ್ಕೆ ಕಂಡರೆ ಮುಖ ತಿರುಗಿಸುತ್ತಿದ್ದೆ,
ನನ್ನ ಮೇಲೆ ನನಗೇ ನಂಬಿಕೆ ಇರಲಿಲ್ಲ.
ಈಗ ಕಣ್ಣಲ್ಲೇ ಅಳೆಯುತ್ತೇನೆ:
ಮಾಡು ತಗ್ಗು.
ರಾಡು ಆರು ಇಂಚು ಸಾಕು.