ಅರಾಫುನೆ ಟೀಚರು ಅತ್ತದ್ದು

ಇಪ್ಪತ್ಮೂರು ವರ್ಷ ಗಣಿತ ಕಲಿಸಿದವಳು,
ಕೋಪ ಮೂಗಿನ ತುದಿಯಲ್ಲೇ ಇಟ್ಟುಕೊಂಡವಳು,
ಈ ಮಾರ್ಚಿಯಲ್ಲಿ, ಬೀಳ್ಕೊಡುಗೆಯ ದಿನ,
ನೂರಾ ಹನ್ನೆರಡು ಹೆಸರು ಓದುತ್ತ ಓದುತ್ತ
ಅತ್ತೇಬಿಟ್ಟಳು.
ಹಿಂದಿನ ಸಾಲಿನ ಪುಂಡ, ಹಿರೋಮು,
ಎದ್ದು ನಿಂತು ಸೊಂಟ ಬಾಗಿಸಿದ.
ತಾಯಂದಿರು ಕರವಸ್ತ್ರ ತೆಗೆದರು.
ಅವಳಿಗೆ ಮಾತ್ರ ಒಳಗೊಳಗೇ ಅಚ್ಚರಿ:
ಇದೇನಿದು, ನನಗೆ ದುಃಖವೇ ಆಗಿಲ್ಲವಲ್ಲ.

ಮರುದಿನ ಚಿಚಿಬುವಿನ ಮೂಗಿನ ಡಾಕ್ಟರು
ಹಾಳೆಯೊಂದನ್ನು ಮುಂದೆ ಸರಿಸಿದರು.

ಮನೆಯಲ್ಲಿ ಯಾರಿಗಾದರೂ?
ಅಮ್ಮ ವಸಂತವಿಡೀ ಮೂಗೊರೆಸುತ್ತ
ಒಲೆಯ ಹೊಗೆ ಅನ್ನುತ್ತಿದ್ದಳು.
ಗ್ಯಾಸ್ ಬಂದ ಮೇಲೂ ಹಾಗೇ ಅಂದಳು.
ಹುಟ್ಟಿದ ತಿಂಗಳು? ಫೆಬ್ರವರಿ, ಕೊನೆಯ ವಾರ.
ಒಡಹುಟ್ಟಿದವರು?
ಒಬ್ಬಳೇ. ಜಗಳಕ್ಕೂ ನೆಗಡಿಗೂ ಪಾಲುದಾರರಿರಲಿಲ್ಲ.
ವಾಸ? ಹದಿನಾರು ವರ್ಷದಿಂದ ಹೆದ್ದಾರಿಯ ಪಕ್ಕ;
ರಾತ್ರಿಯಿಡೀ ಸುಣ್ಣಕಲ್ಲಿನ ಲಾರಿಗಳು.
ಸಿಗರೇಟು?
ಗಂಡ, ಬಾಲ್ಕನಿಯಲ್ಲಿ. ಬಾಲ್ಕನಿಗೆ ಬಾಗಿಲಿದೆ,
ಹೊಗೆಗೆ ಅದು ಗೊತ್ತಿಲ್ಲ.
ಗೋಡೆಗೆ ಬೂಸ್ಟು? ಅಂಗೈಯಗಲ.
ಹೋದ ವರ್ಷ ಬೆರಳಗಲವಿತ್ತು.
ಬೆಕ್ಕು?
ಪೆನ್ಸಿಲ್ ಸ್ವಲ್ಪ ಹೊತ್ತು ನಿಂತಿತು.
ಇಲ್ಲ.

ಇದರಲ್ಲಿ ಯಾವುದು ಡಾಕ್ಟ್ರೇ, ಉತ್ತರ?
ಲೆಕ್ಕದ ಟೀಚರಿಗೆ ಒಂದೇ ಉತ್ತರ ಬೇಕು.
ಅವರು ಅವಳ ತೋಳಿನ ಬಿಳಿ ಕೂದಲು ನೋಡಿದರು,
ಏನೂ ಅನ್ನಲಿಲ್ಲ.
'ಹನಿಗೂಡಿದರೆ ಹಳ್ಳ, ನೋಡಿ.
ನಿಮ್ಮ ಕಟ್ಟೆ ಗಟ್ಟಿ. ನಲವತ್ತೇಳು ವರ್ಷ ತಡೆಯಿತು.'
ಆಮೇಲೆ ಕಿಟಕಿಯಾಚೆ ಬೆರಳು ತೋರಿಸಿದರು.

ಗುಡ್ಡ. ಒಂದೇ ಎತ್ತರದ ಸುಗಿ ಮರಗಳು,
ಬಾಚಣಿಗೆಯ ಹಲ್ಲಿನಂತೆ.
ಗಾಳಿ ಬೀಸಿತು; ಬೆಂಕಿಯಿಲ್ಲದೆ
ಇಡೀ ಗುಡ್ಡ ಹಳದಿಯಾಗಿ ಹೊಗೆಯಾಡಿತು.

ಯುದ್ಧ ಮುಗಿದು ಹತ್ತನೇ ವರ್ಷ
ಆ ಬೋಳುಗುಡ್ಡಕ್ಕೆ ಸಸಿ ಹೊತ್ತ ಕೂಲಿಗಳಲ್ಲಿ
ಅವಳ ತಾಯಿಯ ತಂದೆ ತೊಕುಜಿರೋ ಒಬ್ಬ.
ದಿನಕ್ಕೆ ಮುನ್ನೂರು ಸಸಿ, ವಾರಕ್ಕೊಂದು ಚೀಲ ಬಾರ್ಲಿ.
ಮೊಮ್ಮಕ್ಕಳ ಮನೆಗೆ ತೊಲೆಯಾಗಲಿ ಅಂದಿದ್ದ.
ಹಡಗಿನಲ್ಲಿ ಬಂದ ಮರ ಅಗ್ಗವಾಯಿತು,
ಇವನ್ನು ಯಾರೂ ಕಡಿಯಲಿಲ್ಲ,
ನಿಂತಲ್ಲೇ ಪ್ರಾಯಕ್ಕೆ ಬಂದವು.
ಮುಪ್ಪಿನಲ್ಲಿ ಅಜ್ಜನೂ ಸೀನುತ್ತಿದ್ದ:
ಒಂದಕ್ಕೆ, ಯಾರೋ ಹೊಗಳಿದರು;
ಎರಡಕ್ಕೆ, ಬೈದರು;
ಒಂಬತ್ತಕ್ಕೆ ಲೆಕ್ಕ ತಪ್ಪಿ ನಗುತ್ತಿದ್ದ.
ರಕ್ತವೂ ಅವನದೇ, ಕಾಡೂ ಅವನದೇ.
ಹಾಳೆಯಲ್ಲಿ ಅದನ್ನು ಬರೆಯಲು ಜಾಗವಿರಲಿಲ್ಲ.

ವಾರದ ಮೇಲೆ ಹಿರೋಮುವಿನ ಕಾಗದ ಬಂತು, ವಕ್ರ ಅಕ್ಷರ:
ಟೀಚರ್, ನಮಗಾಗಿ ಯಾರೂ ಅತ್ತಿರಲಿಲ್ಲ.
ಅವಳು ಉತ್ತರಕ್ಕೆ ಕೂತಳು.
'ಅದು ಮರದ ಪುಡಿ' ಎಂದು ಬರೆದಳು.
ಹೊಡೆದು ಹಾಕಿದಳು.
'ಹೌದು' ಎಂದಷ್ಟೇ ಬರೆದು ಲಕೋಟೆ ಅಂಟಿಸುವಾಗ
ಕಣ್ಣು ಮತ್ತೆ ತುಂಬಿತು.
ಯಾಕೆಂದು ಈಗ ನೋಡಲು ಹೋಗಲಿಲ್ಲ.
ಮಡಿಲಲ್ಲಿ
ಇಲ್ಲದ ಬೆಕ್ಕು ಗುರುಗುಟ್ಟುತ್ತಿತ್ತು.